ಬದನೆಯ ವಂಶಾವಳಿ

ನಾನು ಒಂದು ಸ್ಪ್ಯಾನಿಷ್ ಪದದ ಬೆನ್ನು ಹತ್ತಿದ್ದ ವರ್ಷವೇ ಅಮ್ಮ ಊಟ ಬಿಟ್ಟಳು. ಹಟ ಮಾಡಿ ಬಿಟ್ಟದ್ದಲ್ಲ. ಟೈಫಾಯಿಡ್ ಬಂದು ಮೂರು ವಾರ ಮಲಗಿದ್ದಳು. ಜ್ವರ ಹೋಯಿತು, ಹಸಿವು ಮಾತ್ರ ವಾಪಸ್ಸು ಬರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ನಲವತ್ತೆಂಟು ಕೆ.ಜಿ. ಇದ್ದವಳು ಮೂವತ್ತೊಂಬತ್ತಕ್ಕೆ ಇಳಿದಿದ್ದಳು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಡಾಕ್ಟರು ತೂಕದ ಯಂತ್ರದಿಂದ ಅವಳನ್ನು ಕೈ ಹಿಡಿದು ಇಳಿಸಿ, "ಪಥ್ಯ ಗಿಥ್ಯ ಏನೂ ಇಲ್ಲ, ಏನು ಸೇರತ್ತೋ ಅದು ಕೊಡಿ. ಮುಂದಿನ ಸೋಮವಾರ ನೋಡ್ತೀನಿ. ಹೀಗೇ ಇದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಗತ್ತೆ" ಎಂದರು. ಆ ಒಂದು ವಾರದಲ್ಲಿ ನಡೆದದ್ದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ಪದದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಆಗ ಮೊದಲ ಪಂಕ್ತಿ ಪದಗಳಿಗೇ, ಮನುಷ್ಯರಿಗೆ ಎರಡನೆಯದು.

ಅದು ಎರಡು ಸಾವಿರದ ಎರಡನೇ ಇಸವಿ. ಜೆ.ಪಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಬೆಂಗಳೂರಿನ ಶಾಲೆಗಳಿಗೆ ಆಗ ಒಂದು ಹೊಸ ಹುಚ್ಚು ಹಿಡಿದಿತ್ತು. ಒಂದು ಶಾಲೆ ಈಜುಕೊಳ ಕಟ್ಟಿಸಿದರೆ ಇನ್ನೊಂದು ಕುದುರೆ ಸವಾರಿ ಕಲಿಸುತ್ತೇವೆ ಎಂದು ಬೋರ್ಡು ಹಾಕುತ್ತಿತ್ತು. ಕುದುರೆ ಸಾಕುವಷ್ಟು ಜಾಗವಿಲ್ಲದ ನಮ್ಮ ಆಡಳಿತದವರು ಸ್ಪ್ಯಾನಿಷ್ ಕಲಿಸುತ್ತೇವೆ ಎಂದರು. ಇರುವ ಟೀಚರುಗಳಲ್ಲೇ ಯಾರಾದರೂ ಕಲಿತರೆ ಫೀಸು ಶಾಲೆಯದೇ ಎಂದಾಗ ನಾನು ಕೈ ಎತ್ತಿದೆ. ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಕ್ಲಾಸು ಶನಿವಾರ ಬೆಳಿಗ್ಗೆ ಇತ್ತು, ಶನಿವಾರದ ಸ್ಟಾಫ್ ಮೀಟಿಂಗ್ ತಪ್ಪುತ್ತಿತ್ತು. ನನಗೆ ಆಗ ಮೂವತ್ತೊಂದು. ಮದುವೆಯ ಮಾತು ಬಂದು ಬಂದು ತಾನೇ ಸುಸ್ತಾಗಿ ಕೂತಿದ್ದ ವಯಸ್ಸು. ಹೊಸದಾಗಿ ಏನಾದರೂ ಆಗಲಿ ಎಂಬ ಆಸೆಯೂ ಇತ್ತೆನ್ನಿ.

ಕ್ಲಾಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುತ್ತಿತ್ತು. ಕಲಿಸುತ್ತಿದ್ದವರು ಗಂಡನ ಕೆಲಸದ ದೆಸೆಯಿಂದ ಹನ್ನೆರಡು ವರ್ಷ ಮೆಕ್ಸಿಕೋದಲ್ಲಿದ್ದು ಬಂದ ಒಬ್ಬ ಹೆಂಗಸು. ಮೂರನೆಯದೋ ನಾಲ್ಕನೆಯದೋ ಶನಿವಾರ ತರಕಾರಿಗಳ ಚಾರ್ಟು ಗೋಡೆಗೆ ಅಂಟಿಸಿ ಒಂದೊಂದಾಗಿ ಹೇಳಿಸಿದರು. ಬದನೆಕಾಯಿಯ ಚಿತ್ರದ ಮೇಲೆ ಬೆರಳಿಟ್ಟು "ಬೆರೆನ್‌ಹೇನ" ಎಂದರು. ಆ ಹಕಾರ ಗಂಟಲಿನ ತಳದಿಂದ ಬರಬೇಕು, ಬೆಳಿಗ್ಗೆ ಹಲ್ಲುಜ್ಜುವಾಗ ಕ್ಯಾಕರಿಸುತ್ತೀರಲ್ಲ ಹಾಗೆ ಎಂದು ನಗಿಸಿದರು. ಆಮೇಲೆ, "ಇದು ಸ್ಪೇನಿನವರ ಸ್ವಂತ ಪದ ಅಲ್ಲ. ಅರಬ್ಬರು ಬಂದಾಗ ಗಿಡಾನೂ ತಂದ್ರು, ಹೆಸರೂ ತಂದ್ರು. ಅರಬ್ಬರಿಗೆ ಎಲ್ಲಿಂದ ಬಂತೋ, ಅದು ನಂಗೆ ಗೊತ್ತಿಲ್ಲ" ಎಂದು ಮುಂದಿನ ಚಿತ್ರಕ್ಕೆ ಹೋದರು. ಅವರು ಹೋದರು, ನಾನು ಅಲ್ಲೇ ನಿಂತೆ.

ಮನೆಗೆ ಬಂದು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಅಪ್ಪ ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದವರು. ಮದುವೆಯ ಕರೆಯೋಲೆ ಕೊಡಲು ಬಂದವರ ಎದುರಿಗೇ ಅದರಲ್ಲಿನ ಕಾಗುಣಿತ ತಿದ್ದುತ್ತಿದ್ದರು. ತಿದ್ದಲು ಏನೂ ಸಿಗದ ನಿವೃತ್ತಿಯ ದಿನಗಳಲ್ಲಿ ಅವರಿಗೆ ಪದಗಳ ಮೂಲ ಹುಡುಕುವ ಚಟ ಅಂಟಿಕೊಂಡಿತ್ತು. ನಡುಮನೆಯ ಕಪಾಟಿನ ತುಂಬ ಹಳೆಯ ನಿಘಂಟುಗಳು. ಕೆಲವಕ್ಕೆ ಬೆನ್ನಿಲ್ಲ, ಕೆಲವಕ್ಕೆ ಮೊದಲ ಹತ್ತು ಪುಟವಿಲ್ಲ. ನಾನು ಬೆರೆನ್‌ಹೇನ ಎಂದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇನ್ನೊಂದ್ಸಲ ಹೇಳು" ಎಂದರು. ಅವತ್ತಿನಿಂದ ನಮ್ಮಿಬ್ಬರ ಸಂಜೆಗಳು ಬದನೆಕಾಯಿಗೆ ಮೀಸಲಾದವು.

ಇದರಲ್ಲಿ ಒಂದು ತಮಾಷೆ ಇತ್ತು, ಅದು ಆಗ ನಮಗೆ ಹೊಳೆಯಲಿಲ್ಲ. ನಮ್ಮ ಮನೆಗೆ ಬದನೆಕಾಯಿ ಬಂದು ಹನ್ನೊಂದು ವರ್ಷವಾಗಿತ್ತು. ತೊಂಬತ್ತೊಂದರಲ್ಲಿ ಅಪ್ಪ ಅಮ್ಮ ಇಬ್ಬರೂ ಕಾಶಿಗೆ ಹೋಗಿ, ಗಯೆಯಲ್ಲಿ ತಾತನ ಶ್ರಾದ್ಧ ಮುಗಿಸಿ ಬಂದಿದ್ದರು. ಅಲ್ಲಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ಕಾಯಿಯನ್ನೋ ಬಿಟ್ಟು ಬರಬೇಕು, ಆಮೇಲೆ ಜೀವ ಇರುವವರೆಗೂ ಅದನ್ನು ತಿನ್ನಬಾರದು. ಅಪ್ಪ ಬದನೆಕಾಯಿ ಬಿಟ್ಟರು. ಆ ಮೇಲೆ ನಮ್ಮ ಮನೆಯಲ್ಲಿ ಬದನೆಕಾಯಿ ಮಾಡಲಿಲ್ಲ. ಯಾರಾದರೂ ಕೇಳಿದರೆ "ನಮ್ಮನೇಲಿ ಬಿಟ್ಟಿದೆ" ಎನ್ನುವುದು ನನಗೂ ಬಾಯಿಪಾಠ. ಚಿಕ್ಕಂದಿನಿಂದ ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದ ನನಗೆ ಅದರಿಂದ ಸಂತೋಷವೇ ಆಗಿತ್ತು.

ಹುಡುಕಾಟ ಮಾತ್ರ ಸೊಗಸಾಗಿ ಸಾಗಿತು. ಸ್ಪ್ಯಾನಿಷಿನ ಬೆರೆನ್‌ಹೇನದ ಹಿಂದೆ ಅರಬ್ಬಿಯ ಬಾದಿಂಜಾನ್ ಇತ್ತು. ಅರಬ್ಬಿಯವರು ಹೆಸರಿನ ಮೊದಲಿಗೆ ಅಲ್ ಎಂದು ಸೇರಿಸುತ್ತಾರಲ್ಲ, ಅದು ಅಂಟಿಕೊಂಡೇ ಮುಂದೆ ಹೋಗಿ ಫ್ರೆಂಚಿನ ಓಬರ್ಜೀನ್ ಆಗಿತ್ತು. ಅರಬ್ಬಿಯ ಹಿಂದೆ ಪರ್ಷಿಯನ್ನಿನ ಬಾದಿಂಗಾನ್. ಪರ್ಷಿಯನ್ನಿನ ಹಿಂದೆ ಸಂಸ್ಕೃತದ ವಾತಿಂಗಣ. ಅದರಲ್ಲಿ ಯಾರಿಗೋ ವಾತ ಎಂಬ ಮಾತು ಕೇಳಿಸಿ, ಬದನೆಕಾಯಿಗೂ ವಾಯುವಿಗೂ ಗಂಟು ಹಾಕಿ ಅರ್ಥ ಹೇಳಿಬಿಟ್ಟಿದ್ದರು. ಅಪ್ಪ ಅದನ್ನು ಒಪ್ಪಲಿಲ್ಲ. "ಪದ ಹೊರಗಿಂದ ಬಂದಿರತ್ತೆ, ಇವರು ಅದಕ್ಕೆ ಜನಿವಾರ ಹಾಕ್ತಾರೆ" ಎಂದರು. ಹಾಗಾದರೆ ಹೊರಗೆ ಅಂದರೆ ಎಲ್ಲಿ ಎಂದು ಒಂದು ತಿಂಗಳು ಒದ್ದಾಡಿದೆವು. ನಾನು ಶಾಲೆ ಬಿಟ್ಟ ಮೇಲೆ ಎರಡು ಬಸ್ಸು ಬದಲಿಸಿ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಕಾರ್ಡುಗಳಲ್ಲಿ ಬರೆದುಕೊಂಡು ಬರುವುದು, ಅಪ್ಪ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದುವುದು.

ಕೊನೆಗೆ ಸಿಕ್ಕಿದ್ದು ಹಳೆಯ ತಮಿಳಿನ ಒಂದು ಪದ, ವೞುದುಣೈ. ಈಗಿನ ತಮಿಳರು ಕತ್ತರಿಕಾಯ್ ಎನ್ನುತ್ತಾರೆ, ಇದು ಅವರಿಗೂ ಮರೆತಿರುವ ಪದ. ಅಪ್ಪ ಅದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತರು. "ತಮಿಳಿನ ವಾ ನಮ್ಮಲ್ಲಿ ಏನು?"

"ಬಾ."

"ವೇಂಡುಂ?"

"ಬೇಕು."

"ಅಲ್ಲಿ ವ ಇದ್ದಲ್ಲಿ ನಮ್ಮಲ್ಲಿ ಬ. ಆ ಹಳೇ ೞ ನಮ್ಮ ಬಾಯಲ್ಲಿ ಸವೆದು ಹೋಯ್ತು. ಈಗ ಹೇಳು."

ನಾನು ಹೇಳಿದೆ, "ಬದನೆ."

ಈ ವಿಷಯದಲ್ಲಿ ವಿದ್ವಾಂಸರು ಇನ್ನೂ ಜಗಳವಾಡುತ್ತಾರಂತೆ. ಅಪ್ಪನ ಮಟ್ಟಿಗೆ ಕೇಸು ಅವತ್ತೇ ಮುಗಿಯಿತು. ಅಂದರೆ ಸ್ಪೇನಿನ ಅಜ್ಜಿಯೊಬ್ಬಳು ಸಂತೆಯಲ್ಲಿ ಕೂಗುವ ಹೆಸರು ನಮ್ಮ ಕಡೆಯದೇ. ಇನ್ನೂ ಮಜಾ ಎಂದರೆ, ಅದೇ ಪದ ಪೋರ್ಚುಗೀಸರ ಬಾಯಿಗೆ ಬಿದ್ದು, ಹಡಗು ಹತ್ತಿ, ಇಲ್ಲಿನ ಇಂಗ್ಲಿಷಿಗೆ ಬ್ರಿಂಜಾಲ್ ಆಗಿ ಇಳಿದಿತ್ತು. ಜಯನಗರದ ತರಕಾರಿ ಅಂಗಡಿಯ ಬೋರ್ಡಿನಲ್ಲಿ ಬದನೆ ಒಂದು ಕಡೆ, ಬ್ರಿಂಜಾಲ್ ಒಂದು ಕಡೆ. ತವರು ಬಿಟ್ಟು ಹೋದವಳ ಮರಿಮಗಳು ಬಾಗಿಲಿಗೆ ಬಂದರೆ ಯಾರಿಗೂ ಗುರುತು ಸಿಗದಿದ್ದ ಹಾಗೆ. ಅಪ್ಪ ಉದ್ದನೆಯ ಹಾಳೆಯ ಮೇಲೆ ಒಂದು ವಂಶಾವಳಿ ಬರೆದರು. ಬುಡದಲ್ಲಿ ನಮ್ಮವು, ಮೇಲೆ ಕವಲು ಕವಲಾಗಿ ಪರ್ಷಿಯ, ಅರೇಬಿಯ, ಸ್ಪೇನ್.

ಇಷ್ಟೆಲ್ಲ ನಡೆಯುವಾಗ ಅಮ್ಮ ಎಲ್ಲಿದ್ದಳು ಎಂದು ಈಗ ನೆನಪು ಮಾಡಿಕೊಳ್ಳುತ್ತೇನೆ. ಅಲ್ಲೇ ಇದ್ದಳು. ಸೀಬೆಹಣ್ಣಿನ ಕಾಲ. ಸಂಜೆ ಸೀಬೆಹಣ್ಣು ಹೆಚ್ಚಿ, ಉಪ್ಪು ಖಾರದಪುಡಿ ಉದುರಿಸಿ, ತಟ್ಟೆಯನ್ನು ನಿಘಂಟಿನ ಪಕ್ಕ ಇಡುತ್ತಿದ್ದಳು. ಅಪ್ಪ ಪುಟದಿಂದ ಕಣ್ಣು ತೆಗೆಯದೆ ಕೈ ಚಾಚಿ ತಿನ್ನುತ್ತಿದ್ದರು. ಒಮ್ಮೆ ತಟ್ಟೆ ಇಟ್ಟು ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡು, "ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲ" ಎಂದಳು. ನಾವಿಬ್ಬರೂ ಜೋರಾಗಿ ನಕ್ಕೆವು. ಗಾದೆ ಎಷ್ಟು ಸರಿಯಾದ ಕಡೆ ಬಿತ್ತು ಎಂದು ಅಪ್ಪ ಮೆಚ್ಚಿಕೊಂಡರು. ಅವಳೂ ನಕ್ಕು ಒಳಗೆ ಹೋದಳು.

ಆಷಾಢದ ಗಾಳಿಯ ಹೊತ್ತಿಗೆ ಅವಳಿಗೆ ಜ್ವರ ಬಂತು. ನಾವೇನು ನೋಡಿಕೊಳ್ಳಲಿಲ್ಲವೆಂದಲ್ಲ. ಮಾತ್ರೆ, ಗಂಜಿ, ತಣ್ಣೀರು ಬಟ್ಟೆ, ರಕ್ತಪರೀಕ್ಷೆ, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಆದರೆ ಅವಳು ನಿದ್ದೆ ಮಾಡುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೆ ನಡುಮನೆಯಲ್ಲಿ ದೀಪ ಹಾಕಿಕೊಂಡು ಮತ್ತೆ ಬಾದಿಂಜಾನ್ ಶುರುವಾಗುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಜ್ವರ ಬಿಟ್ಟ ಮೇಲೆ, ಡಾಕ್ಟರು ಗಡುವು ಕೊಟ್ಟ ಆ ಸೋಮವಾರದಿಂದ ನಾನು ಶಾಲೆಗೆ ರಜಾ ಹಾಕಿ ಅಡುಗೆಮನೆ ಹೊಕ್ಕೆ. ಮೆಣಸಿನ ಸಾರು ಮಾಡಿದೆ, ಬಿಸಿಯಾಗಿರುವಾಗಲೇ ಬೇಡ ಎಂದಳು. ಹೆಸರುಬೇಳೆ ಪೊಂಗಲ್ ಮಾಡಿದೆ, ಒಂದು ಚಮಚ ತಿಂದಳು. ಅಪ್ಪ ದರ್ಶಿನಿಯಿಂದ ಇಡ್ಲಿ ತಂದರು, ಅದನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು. ಬ್ರೆಡ್ಡು, ಎಳನೀರು, ಸಬ್ಬಕ್ಕಿ ಪಾಯಸ, ಯಾವುದೂ ಒಳಗೆ ಇಳಿಯಲಿಲ್ಲ. "ಏನು ಬೇಕಮ್ಮ ನಿಂಗೆ, ಹೇಳು, ಮಾಡ್ತೀನಿ" ಎಂದು ಕೇಳಿದರೆ, "ಏನೂ ಬೇಡ ಕಣೆ, ನೀನು ಒದ್ದಾಡಬೇಡ" ಎನ್ನುತ್ತಿದ್ದಳು. ಬುಧವಾರದ ಹೊತ್ತಿಗೆ ನನಗೆ ಸಿಟ್ಟು ಬರತೊಡಗಿತು. ಸಿಟ್ಟಿನ ಕೆಳಗೆ ಭಯ ಇತ್ತು. ಅಮ್ಮ ಹೋಗಿಬಿಟ್ಟರೆ ಎಂಬ ಮಾತನ್ನು ನಾನೂ ಅಪ್ಪನೂ ಬಾಯಿಬಿಟ್ಟು ಆಡಲಿಲ್ಲ, ಆದರೆ ಇಬ್ಬರೂ ಅದನ್ನೇ ನೆನೆಯುತ್ತಿದ್ದೆವು.

ಗುರುವಾರ ಮಧ್ಯಾಹ್ನ ಅಪ್ಪ ಒಂದು ಉಪಾಯ ಹೇಳಿದರು. ಅವರ ಉಪಾಯಗಳೆಲ್ಲ ಕಾಗದದ ಮೇಲೇ. "ಅವಳಿಗೆ ಏನೇನು ಇಷ್ಟ ಅಂತ ಪಟ್ಟಿ ಮಾಡೋಣ. ಒಂದೊಂದೇ ಮಾಡಿ ಕೊಡು" ಎಂದು ಹಾಳೆ ಪೆನ್ನು ತೆಗೆದುಕೊಂಡು ಕೂತರು. ನಾನು ಎದುರಿಗೆ ಕೂತೆ. ಅಪ್ಪನಿಗೆ ಏನಿಷ್ಟ ಎಂದರೆ ನಾನು ಇಪ್ಪತ್ತು ಹೇಳುತ್ತಿದ್ದೆ. ಹುರುಳಿಕಾಯಿ ಪಲ್ಯಕ್ಕೆ ತೆಂಗಿನಕಾಯಿ ಜಾಸ್ತಿ ಇರಬೇಕು, ಚಟ್ನಿ ನುಣ್ಣಗಿರಬಾರದು, ಹೀಗೆ. ನನಗೆ ಏನಿಷ್ಟ ಎಂದು ಬೀದಿಯವರಿಗೂ ಗೊತ್ತಿತ್ತು. ಅಮ್ಮನಿಗೆ? ಅಪ್ಪ ಬಹಳ ಹೊತ್ತು ಯೋಚಿಸಿ "ಕಾಫಿ" ಎಂದು ಬರೆದರು. ನಾನು "ಮೊಸರನ್ನ?" ಎಂದೆ. "ಅದು ಕೊನೇಲಿ ಮಿಕ್ಕಿರತ್ತೆ ಅಂತ ತಿಂತಾಳೆ" ಎಂದರು ಅಪ್ಪ. ಅದೂ ನಿಜ. ನಾವು ಊಟ ಮಾಡಿ ಎದ್ದ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಏನು ಉಣ್ಣುತ್ತಿದ್ದಳು, ಎಷ್ಟು ಉಣ್ಣುತ್ತಿದ್ದಳು, ನಾವು ನೋಡಿದವರಲ್ಲ. ಅರ್ಧ ಗಂಟೆ ಕೂತರೂ ಹಾಳೆಯ ಮೇಲೆ ಕಾಫಿ ಒಂದೇ ಇತ್ತು. ಅಪ್ಪ ಪೆನ್ನಿನ ಮುಚ್ಚಳ ಹಾಕಿದರು.

ನಾವಿದ್ದದ್ದು ಸಾರಕ್ಕಿಯ ಹತ್ತಿರ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಮನೆಯ ಯಜಮಾನಿ. ಆ ಸುತ್ತಿನ ಲೇಔಟೆಲ್ಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ಈಗ ಹೊಲ ಹೋಗಿ ಮೂರು ಬಾಡಿಗೆ ಮನೆ ಬಂದಿದ್ದವು, ಆದರೆ ಕೈ ಸುಮ್ಮನಿರದು. ಹಿತ್ತಲಿನ ಅಂಗೈ ಅಗಲದ ಜಾಗದಲ್ಲಿ ಅವರೆ, ಮೆಣಸಿನಕಾಯಿ, ಬದನೆ ಹಾಕಿಕೊಂಡಿದ್ದರು. ತೊಂಬತ್ತಮೂರರಿಂದ ನಾವು ಅಲ್ಲೇ. ಅಮ್ಮನನ್ನು ಅವರು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕೂತಿದ್ದಾಗ ಅವರು ನೀರು ಹಾಕುತ್ತಿದ್ದ ಪೈಪನ್ನು ಬಿಟ್ಟು ಬಂದರು.

"ಏನವ್ವ, ಅಕ್ಕ ಏನಾದ್ರೂ ಉಂಡ್ರಾ?"

"ಇಲ್ಲ ಆಂಟಿ. ಏನ್ ಮಾಡಿದ್ರೂ ಬೇಡ ಅಂತಾರೆ. ಸೋಮವಾರ ಆಸ್ಪತ್ರೆಗೆ ಸೇರಿಸಬೇಕೇನೋ."

"ಒಸಿ ಬದ್ನೆಕಾಯಿ ಸುಟ್ಟು ಗೊಜ್ಜು ಮಾಡ್ಕೊಡಬಾರ್ದಾ? ಅದೊಂದಿದ್ರೆ ಅಕ್ಕಂಗೆ ಬೇರೆ ಏನೂ ಬ್ಯಾಡ."

"ನಮ್ಮನೇಲಿ ಬದನೆಕಾಯಿ ಬಿಟ್ಟಿದೆ ಆಂಟಿ."

"ನಿಮ್ಮಪ್ಪಾರು ಬಿಟ್ಟವ್ರೆ. ಅಕ್ಕ ಯಾವಾಗ ಬಿಟ್ರು?"

ನಾನು ಮೆಟ್ಟಿಲಿಂದ ಎದ್ದು ನಿಂತೆ.

"ಅಕ್ಕ ಬಿಟ್ಟಿರೋದು ಸೀಬೆಹಣ್ಣು ಕಣವ್ವ," ಎಂದರು ಆಂಟಿ. "ಅದ್ನ ದಿನಾ ಹೆಚ್ಚಿ ನಿಮ್ಗೆಲ್ಲ ಕೊಡ್ತಾರಲ್ಲ. ನಾವ್ ಬದ್ನೆಕಾಯಿ ಕಿತ್ತಾಗೆಲ್ಲ ಬಂದು ಕೈಯಾಗಿಟ್ಕೊಂಡು ನೋಡೋರು. ಅವ್ರ ತೌರಲ್ಲಿ ಹಿಂಗ್ ಮಾಡೋರು, ಹಂಗ್ ಮಾಡೋರು ಅನ್ನೋರು. ತಗೊಂಡೋಗಿ ಅಂದ್ರೆ ಬ್ಯಾಡ ಅನ್ನೋರು. ಇಲ್ಲೇ ಉಣ್ಣಕ್ಕ ಅಂದೆ ಒಂದಿನ. ಮನೇಲಿ ಅವ್ರು ಬಿಟ್ಟಿರೋದ್ನ ನಾನು ಇಲ್ಲಿ ಕದ್ದು ಉಣ್ಣೋದಾ ಅಂದ್ರು."

ಎರಡೂ ಸಂಗತಿಗಳು ನನಗೆ ಗೊತ್ತಿದ್ದವೇ. ಅಪ್ಪ ಬಿಟ್ಟದ್ದು ಬದನೆ, ಅಮ್ಮ ಬಿಟ್ಟದ್ದು ಸೀಬೆ. ಕಾಶಿಯಿಂದ ಬಂದ ವಾರವೇ ಇಬ್ಬರೂ ಹೇಳಿದ್ದರು. ಹನ್ನೊಂದು ವರ್ಷ ಅವೆರಡನ್ನು ಪಕ್ಕಪಕ್ಕ ಇಟ್ಟು ನೋಡಲಿಲ್ಲ, ಅಷ್ಟೇ. ಅಮ್ಮ ಬಿಟ್ಟ ಹಣ್ಣು ಮನೆಗೆ ಬರುತ್ತಲೇ ಇತ್ತು, ಅವಳೇ ಹೆಚ್ಚುತ್ತಿದ್ದಳು, ಒಂದು ಹೋಳನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಪ್ಪ ಬಿಟ್ಟ ಕಾಯಿ ಮಾತ್ರ ಹೊಸ್ತಿಲು ದಾಟಲಿಲ್ಲ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಯಜಮಾನರು ಬಿಟ್ಟರೆ ಮನೆಯೇ ಬಿಟ್ಟ ಹಾಗೆ ಎಂದು ತಾನಾಗಿಯೇ ಆಗಿಹೋಗಿತ್ತು.

ಮೇಲೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ವಂಶಾವಳಿಯ ಹಾಳೆಯನ್ನು ಶುದ್ಧಪ್ರತಿ ಮಾಡುತ್ತಿದ್ದರು. ಕೇಳಿಸಿಕೊಂಡು, ಹಾಳೆಯನ್ನು ನಿಧಾನವಾಗಿ ಮಗುಚಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಒಂದು ವಿಷಯ ಹೇಳಿದರು. "ನಂಗೆ ಬದನೆಕಾಯಿ ಮೊದಲಿಂದಲೂ ಆಗ್ತಿರಲಿಲ್ಲ. ತಿಂದರೆ ಗಂಟಲು ಕೆರೀತಿತ್ತು. ಅಲ್ಲಿ ಪುರೋಹಿತರು ಇಷ್ಟವಾದದ್ದು ಬಿಡಿ ಅಂದ್ರು. ಕಾಫಿ ಬಿಡೋಕಾಗತ್ತಾ? ಇದನ್ನ ಹೇಳಿದ್ರೆ ಅವರಿಗೇನು ಗೊತ್ತಾಗತ್ತೆ ಅಂತ ಹೇಳಿಬಿಟ್ಟೆ."

"ಅಮ್ಮಂಗೆ ಇಷ್ಟ ಅಂತ ಗೊತ್ತಿರಲಿಲ್ವಾ?"

"ಮದುವೆಯಾದ ಹೊಸದರಲ್ಲಿ ವಾರಕ್ಕೆರಡು ಸಲ ಮಾಡ್ತಿದ್ಲು. ಎಲ್ಲರ ಮನೇಲೂ ಮಾಡ್ತಾರೆ, ಇವಳೂ ಮಾಡ್ತಾಳೆ ಅಂದ್ಕೊಂಡೆ."

ಅಪ್ಪ ದೇವರಿಗೆ ಮಾಡಿದ ಮೋಸದ ದಂಡವನ್ನು ಅಮ್ಮ ಕಟ್ಟಿಕೊಂಡು ಬಂದಿದ್ದಳು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಆದರೆ ಪಟ್ಟಿ ಮಾಡಲು ಕೂತಾಗ ನನ್ನ ಕೈಯಲ್ಲೂ ಏನೂ ಇರಲಿಲ್ಲವಲ್ಲ.

ಶನಿವಾರ ಸ್ಪ್ಯಾನಿಷ್ ಕ್ಲಾಸಿಗೆ ಹೋಗಲಿಲ್ಲ. ಅಮ್ಮನ ಮಂಚದ ಅಂಚಿನಲ್ಲಿ ಕೂತು ಕೇಳಿದೆ. "ಅಮ್ಮಾ, ಬದನೆಕಾಯಿ ಇಷ್ಟ ಅಂತ ಒಂದಿನನೂ ಯಾಕೆ ಹೇಳಲಿಲ್ಲ?"

ಅವಳು ಕಣ್ಣು ಬಿಟ್ಟು, "ಕೆಳಗಿನವಳು ಹೇಳಿದ್ಲಾ?" ಎಂದಳು. "ಹೇಳಿದ್ರೆ ಏನಂತಿದ್ರಿ? ಮಾಡ್ಕೊಂಡು ತಿನ್ನು ಅಂತಿದ್ರಿ."

"ಹೂಂ. ಬೇಡ ಅಂತಿದ್ವಾ?"

"ಬೇಡ ಅಂತಿರಲಿಲ್ಲ. ಆದ್ರೆ ಮಾಡೋಳು ನಾನೇ ತಾನೆ. ನಿಮ್ಮಿಬ್ಬರಿಗೆ ಒಂದು ಪಲ್ಯ ಮಾಡಿ, ಆಮೇಲೆ ನಂಗೊಬ್ಬಳಿಗೆ ಅಂತ ಇನ್ನೊಂದು ಬಾಣಲೆ ಇಡೋದು. ನಾಚಿಕೆ ಆಗತ್ತೆ ಕಣೆ."

ಅವಳೇ ಮತ್ತೆ, ಒಣಗಿದ ತುಟಿಯಲ್ಲಿ ನಗುತ್ತ, "ನೀವಿಬ್ಬರು ದಿನಾ ಅದರದೇ ಜಪ. ಜ್ವರದಲ್ಲಿ ಮಲಗಿದ್ರೂ ಕೇಳಿಸೋದು. ಬಾಯಲ್ಲಿ ನೀರು ಬರ್ತಿತ್ತು" ಎಂದಳು. ಅವಳು ಅದನ್ನು ತಮಾಷೆಗೇ ಹೇಳಿದಳು. ನನಗೆ ಅಳು ಬಂತು. ಎದ್ದು ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಆಂಟಿ ಹಿತ್ತಲಿನಿಂದ ನಾಲ್ಕು ಬದನೆಕಾಯಿ ಕಿತ್ತು ಕೊಟ್ಟರು. ನಾನು ಅಡುಗೆಮನೆಗೆ ಹೋದರೆ ಅಪ್ಪ ಆಗಲೇ ಅಲ್ಲಿದ್ದರು, ಪಂಚೆ ಎತ್ತಿ ಕಟ್ಟಿಕೊಂಡು. ಗ್ಯಾಸ್ ಒಲೆಯ ಯಾವ ಗುಂಡಿ ಯಾವ ಬರ್ನರಿನದು ಎಂದು ತಿಳಿಯದ ಮನುಷ್ಯ. "ನಾನೇ ಮಾಡ್ತೀನಿ. ನೀನು ಪಕ್ಕದಲ್ಲಿರು" ಎಂದರು.

"ನೀವು ಬಿಟ್ಟಿದೀರಲ್ಲ, ಮುಟ್ಟಬಹುದಾ?"

"ತಿನ್ನಬಾರದು ಅಂದಿದಾರೆ. ಸುಡಬಾರದು ಅಂದಿಲ್ಲ."

ಒಂದು ಕಾಯಿಗೆ ಎಣ್ಣೆ ಸವರಿ ಉರಿಯ ಮೇಲೆ ಇಟ್ಟರು. ಸಿಪ್ಪೆ ಚಟಪಟ ಎಂದು ಕಪ್ಪಾಗುತ್ತ ಬಂತು. ಪರವಾಗಿಲ್ಲ, ಬರುತ್ತೆ ಎಂದು ಇಬ್ಬರೂ ಬಗ್ಗಿ ನೋಡುತ್ತಿರುವಾಗಲೇ ಅದು ಡಬ್ ಎಂದು ಸಿಡಿಯಿತು. ತಿರು‍ಳು ಗೋಡೆಯ ಮೇಲೆ, ಒಲೆಯ ಮೇಲೆ, ಅಪ್ಪನ ಕನ್ನಡಕದ ಮೇಲೆ.

ಒಳಗಿನಿಂದ ಅಮ್ಮನ ದನಿ ಬಂತು. "ಮೊದಲು ಚುಚ್ಚಿದ್ರಾ?"

ಅಪ್ಪ ಅಪರಾಧಿಯಂತೆ "ಇಲ್ಲ" ಎಂದರು.

"ಇನ್ನೊಂದು ತಗೊಳ್ಳಿ. ಚಾಕು ತುದೀಲಿ ನಾಲ್ಕು ಕಡೆ ಚುಚ್ಚಿ. ಉರಿ ಸಣ್ಣ ಮಾಡಿ."

ಒಂದು ತಿಂಗಳಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ನಾವು ಚುಚ್ಚಿದೆವು, ಉರಿ ಸಣ್ಣ ಮಾಡಿದೆವು. ಅಲ್ಲಿಂದ ಮುಂದೆ ಅಡುಗೆ ನಡೆದದ್ದು ಗೋಡೆಯಾಚೆಯಿಂದಲೇ. ಬಿಸಿ ಇರುವಾಗಲೇ ಸಿಪ್ಪೆ ತೆಗೆಯಿರಿ, ನೀರಲ್ಲಿ ಅದ್ದಬೇಡಿ ಎಂದಳು. ಹುಣಸೆಹಣ್ಣು ಒಂದು ಗೋಲಿಯಷ್ಟು, ಬೆಲ್ಲ ಅದಕ್ಕಿಂತ ಕಮ್ಮಿ ಎಂದಳು. ಮೆಣಸಿನಕಾಯಿ ಒಂದೇ ಸಾಕು ಎಂದು ನಾನು ಡಾಕ್ಟರ ನೆಪ ಹೇಳಿದರೆ ಎರಡು ಹಾಕು ಎಂದಳು. ಒಗ್ಗರಣೆಗೆ ಇಂಗು ಬಿದ್ದಾಗ ಮಾತು ನಿಂತಿತು. ಮೂಗಿನಲ್ಲೇ ಗೊತ್ತಾಗಿರಬೇಕು.

ಅಪ್ಪ ಉಪ್ಪು ಹಾಕಿ, ಕಲಸಿ, ಚಮಚವನ್ನು ತುಟಿಯವರೆಗೆ ತಂದವರು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ಚಾಚಿದರು. ನಾನು ರುಚಿ ನೋಡಿದೆ. ಹೊಗೆಯ ವಾಸನೆ, ಹುಳಿ, ಆಮೇಲೆ ನಿಧಾನವಾಗಿ ಒಂದು ಸಿಹಿ. ಇಷ್ಟು ವರ್ಷ ತಟ್ಟೆಯಂಚಿಗೆ ತಳ್ಳಿದ್ದು ಇದನ್ನೇನಾ ಎನಿಸಿತು. "ಉಪ್ಪು ಇನ್ನೊಂದು ಚಿಟಿಕೆ" ಎಂದೆ.

ಅಮ್ಮ ಮಂಚದ ಮೇಲೆ ಉಣ್ಣಲು ಒಪ್ಪಲಿಲ್ಲ. ನನ್ನ ತೋಳು ಹಿಡಿದುಕೊಂಡು ನಡುಮನೆಗೆ ಬಂದಳು. ಅಪ್ಪ ಮೇಜಿನ ಮೇಲಿನ ನಿಘಂಟುಗಳನ್ನೆಲ್ಲ ನೆಲಕ್ಕಿಳಿಸಿ ಜಾಗ ಮಾಡಿದರು. ಬಿಸಿ ಅನ್ನ, ಒಂದು ಚಮಚ ತುಪ್ಪ, ಪಕ್ಕದಲ್ಲಿ ಗೊಜ್ಜು. "ನಾನೂ ನಿನ್ನ ಜೊತೆ ಒಂದು ತುತ್ತು ತಿಂತೀನಿ. ಸುಳ್ಳು ಹೇಳಿ ಬಿಟ್ಟದ್ದು ಬಿಟ್ಟ ಹಾಗಲ್ಲ" ಎಂದರು ಅಪ್ಪ. "ಸುಮ್ನಿರಿ, ಇರೋ ಒಂದು ಪುಣ್ಯಾನೂ ಯಾಕೆ ಕಳ್ಕೋತೀರಿ" ಎಂದಳು. ಅಪ್ಪ ಕುರ್ಚಿಯ ಹಿಂದೆ ನಿಂತರು. ನಾನು ನೀರಿನ ಲೋಟ ಹಿಡಿದುಕೊಂಡು ಎದುರಿಗೆ ಕೂತೆ. ಮರುದಿನದ ತೂಕದ ಯಂತ್ರ ನನ್ನ ಕಣ್ಣ ಮುಂದೆಯೇ ಇತ್ತು. ಎಷ್ಟು ತುತ್ತು ಎಂದು ಲೆಕ್ಕ ಹಾಕಬೇಕೆಂದುಕೊಂಡಿದ್ದೆ.

ಅವಳು ಕಲಸಿದಳು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎರಡನೆಯದು, ಮೂರನೆಯದು. ನಾಲ್ಕರ ನಂತರ ನಾನು ಲೆಕ್ಕ ಮರೆತೆ. ಸಾಮಾನ್ಯವಾಗಿ ನಾವು ಊಟಕ್ಕೆ ಕೂತರೆ ಅಮ್ಮನ ಕಣ್ಣು ನಮ್ಮ ತಟ್ಟೆಗಳ ಮೇಲಿರುತ್ತಿತ್ತು. ಯಾರಿಗೆ ಸಾರು ಬೇಕು, ಯಾರ ಹಪ್ಪಳ ಮುಗಿಯಿತು ಎಂದು ನೋಡುವುದರಲ್ಲೇ ಊಟ ಮುಗಿಯುತ್ತಿತ್ತು. ಅವತ್ತು ಅವಳು ತಲೆ ಎತ್ತಲಿಲ್ಲ. ನಿಮ್ಮದಾಯ್ತಾ ಎಂದು ಕೇಳಲಿಲ್ಲ. ನಾವಿಬ್ಬರೂ ಅಲ್ಲಿದ್ದೇವೆಂಬುದೇ ಅವಳಿಗೆ ಮರೆತಿತ್ತು. ತಟ್ಟೆಯನ್ನು ಬೆರಳಿನಿಂದ ಬಳಿದು, ಬೆರಳನ್ನು ನೆಕ್ಕಿ, "ಇನ್ನೂ ಇದೆಯಾ?" ಎಂದಳು. ಅಪ್ಪ ಪಾತ್ರೆಯನ್ನೇ ತಂದು ಎದುರಿಗಿಟ್ಟರು.

ಮೂವತ್ತೊಂದು ವರ್ಷ ಅವಳ ಕೈಯ ಅಡುಗೆ ಉಂಡಿದ್ದೆ. ಅಮ್ಮ ಇಷ್ಟಪಟ್ಟು ಉಣ್ಣುವುದನ್ನು ನೋಡಿದ್ದು ಅದೇ ಮೊದಲು.